ಗೆಳೆಯನಿಗೊಂದು ಪತ್ರ: ಡ್ರಾಪ್ ಇಲ್ಲದ ಮುಕ್ಕಾಲು ಗಂಟೆ

ಏಪ್ರಿಲ್ 2024

ಪ್ರೀತಿಯ ಗೆಳೆಯಾ,

ಎಲೆಕ್ಟ್ರಾನಿಕ್ ಸಂಗೀತ ಅಂದ್ರೆ ಒಂದು ನಿಮಿಷ ಏರಿಸೋದು, ಆಮೇಲೆ ಧಡ್ ಅಂತ ಡ್ರಾಪ್ ಕೊಡೋದು (ಏರಿದ ಸದ್ದು ತಟ್ಟನೆ ಜೋರು ಬೀಟ್ ಆಗಿ ಬೀಳುತ್ತಲ್ಲ, ಅದು), ಅಷ್ಟೇ ಅಂತ ಬರೆದಿದ್ದೆಯಲ್ಲ. ಜಗಳ ಮಾಡಲ್ಲ. ಬದಲಿಗೆ ಒಂದು ಆಲ್ಬಮ್ ಹೆಸರು ಕೊಡುತ್ತೇನೆ: ‘ತ್ರೀ’. ಮಾಡಿದವನು ಲಂಡನ್ನಿನ ಕೀರನ್ ಹೆಬ್ಡನ್. ರೆಕಾರ್ಡುಗಳ ಮೇಲೆ ಅವನ ಹೆಸರು ಫೋರ್ ಟೆಟ್. ಕಳೆದ ತಿಂಗಳು 15ಕ್ಕೆ ಬಂತು. ಎಂಟು ಟ್ರ್ಯಾಕ್, ಹೆಚ್ಚೂಕಡಿಮೆ ಮುಕ್ಕಾಲು ಗಂಟೆ.

ಇದನ್ನು ಕೇಳೋ ಮೊದಲು ಅವನ ಹೋದ ವರ್ಷ ಹೇಗಿತ್ತು ಅಂತ ಗೊತ್ತಿರಬೇಕು. 2023ರ ಫೆಬ್ರವರಿಯಲ್ಲಿ ಸ್ಕ್ರಿಲೆಕ್ಸ್ ಮತ್ತು ಫ್ರೆಡ್ ಅಗೇನ್ ಅನ್ನೋ ಇನ್ನಿಬ್ಬರು ಎಲೆಕ್ಟ್ರಾನಿಕ್ ಸಂಗೀತಗಾರರ ಜೊತೆ ಸೇರಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಅನ್ನೋ ದೊಡ್ಡ ಒಳಾಂಗಣ ತುಂಬಿಸಿದ. ಏಪ್ರಿಲ್‌ನಲ್ಲಿ ಅಮೆರಿಕದ ಕೋಚೆಲ್ಲಾ ಸಂಗೀತ ಉತ್ಸವ, ಎರಡು ವಾರಾಂತ್ಯ ನಡೆಯೋದು. ಕಾಲಿಗೆ ಪೆಟ್ಟಾಗಿ ಗಾಯಕ ಫ್ರಾಂಕ್ ಓಶನ್ ಎರಡನೇ ವಾರಾಂತ್ಯದಿಂದ ಹಿಂದೆ ಸರಿದಾಗ, ಕೊನೇ ರಾತ್ರಿಯ ವೇದಿಕೆ ಇದೇ ಮೂವರಿಗೆ ಸಿಕ್ಕಿತು. ನೀನು ಬೈಯುವ ಆ ಡ್ರಾಪ್ ಇದೆಯಲ್ಲ, ಸ್ಕ್ರಿಲೆಕ್ಸ್ ಹೆಸರಾಗಿದ್ದೇ ಅದರಿಂದ. ಅಂಥವನ ಪಕ್ಕ ನಿಂತು ಬಂದ ಮೇಲೆ ಬೇರೆ ಯಾರಾದರೂ ಆಗಿದ್ದರೆ ಹತ್ತು ಜನ ಸ್ಟಾರ್ ಗಾಯಕರನ್ನು ಕೂಡಿಹಾಕಿ ಆಲ್ಬಮ್ ಮಾಡುತ್ತಿದ್ದರು. ಇವನು ಅತಿಥಿ ಗಾಯಕರನ್ನೇ ಕರೆದಿಲ್ಲ. ಟೆಕ್ಸ್ಟ್ ರೆಕಾರ್ಡ್ಸ್ ಅನ್ನೋ ತನ್ನದೇ ಲೇಬಲ್‌ನಲ್ಲಿ, ಅಂದ್ರೆ ತನ್ನದೇ ರೆಕಾರ್ಡ್ ಕಂಪನಿಯಲ್ಲಿ, ಜಾಸ್ತಿ ಸದ್ದುಗದ್ದಲ ಇಲ್ಲದೆ ಹೊರತಂದ. ನನಗೆ ಹಿಡಿಸಿದ್ದೇ ಇದು. ಅಷ್ಟು ದೊಡ್ಡ ಜನಸಾಗರ ನೋಡಿಬಂದವನಿಗೆ ದನಿ ಏರಿಸಬೇಕು ಅಂತ ಅನಿಸಲೇ ಇಲ್ಲ.

ಮೊದಲ ಟ್ರ್ಯಾಕ್ ‘ಲವ್ಡ್’. ನಿಧಾನಕ್ಕೆ ನಡೆಯುವ ಡ್ರಮ್, ಹಳೇ ಹಿಪ್‌ಹಾಪ್ ರೆಕಾರ್ಡುಗಳಲ್ಲಿ ಇರುತ್ತಲ್ಲ ಆ ಥರ. ‘ಡೇಡ್ರೀಮ್ ರಿಪೀಟ್’ನಲ್ಲಿ ಮಾತ್ರ ನಿಜಕ್ಕೂ ಕುಣಿಸುವ ಬೀಟ್ ಇದೆ. ಕೆಳಗೆ ಕಿಕ್ ಡ್ರಮ್ (ಬೀಟಿನ ಆ ದಪ್ಪ ಬಡಿತ) ಸ್ವಲ್ಪ ಒರಟಾಗಿ, ಸದ್ದು ಒಡೆದ ಹಾಗೆ ಬಡಿಯುತ್ತಿರುತ್ತದೆ. ಮೇಲೆ ಹಾರ್ಪ್ ತಂತಿಯ ಸ್ವರಗಳು ಉದುರುತ್ತಿರುತ್ತವೆ. ಒಂದು ಇನ್ನೊಂದನ್ನು ತುಳಿಯೋದಿಲ್ಲ. ಇಂಥ ಜೋಡಣೆ ಇವನಿಗೆ ಬರುವಷ್ಟು ಸಲೀಸಾಗಿ ಬೇರೆಯವರಿಗೆ ಬರೋದು ಕಷ್ಟ. ‘ಸ್ಕೇಟರ್’ ಗಿಟಾರ್ ಬ್ಯಾಂಡ್ ಒಂದರ ಹಾಡಿನ ಹಾಗಿದೆ. ‘31 ಬ್ಲೂಮ್’ ನನಗೆ ಅಷ್ಟೇನೂ ಹಿಡಿಸಲಿಲ್ಲ. ಚುರುಕಾಗಿದೆ, ಆದರೆ ಎಲ್ಲಿಗೂ ಹೋಗಲ್ಲ.

ಕೊನೆಯದು ‘ತ್ರೀ ಡ್ರಮ್ಸ್’, ಎಂಟು ನಿಮಿಷಕ್ಕೂ ಜಾಸ್ತಿ. ಹೋದ ವರ್ಷವೇ ಸಿಂಗಲ್ ಆಗಿ ಬಂದಿತ್ತು, ಈಗ ಆಲ್ಬಮ್ಮಿನ ತುದಿಯಲ್ಲಿ ಕೂತಿದೆ. ಯಾರೋ ಎದುರಿಗೆ ಕೂತು ಬಾರಿಸುತ್ತಿರುವಂಥ ಡ್ರಮ್. ಅದರ ಮೇಲೆ ಸಿಂಥ್, ಅಂದ್ರೆ ಸಿಂಥಸೈಜರ್ ವಾದ್ಯದ ಸದ್ದು, ಪದರ ಪದರವಾಗಿ ತುಂಬುತ್ತಾ ಬರುತ್ತದೆ. ಈಗ ಧಡ್ ಅಂತ ಬೀಳುತ್ತೆ ಅಂತ ಕಾಯ್ತಾ ಇರ್ತೀಯ. ಬೀಳಲ್ಲ. ಡ್ರಮ್ಮೇ ಮುಳುಗಿಹೋಗುತ್ತೆ. ಅಲ್ಲಿ ನನ್ನ ಜೊತೆ ವಾದ ಮಾಡು ನೋಡೋಣ!

ನಿನ್ನಂಥ ಲತಾ ಭಕ್ತನಿಗೆ ಇನ್ನೊಂದು ವಿಷಯ. ಇವನ ಅಮ್ಮ ದಕ್ಷಿಣ ಆಫ್ರಿಕಾದಲ್ಲಿ ನೆಲೆಸಿದ ಭಾರತೀಯ ಮೂಲದ ಮನೆತನದವರು. 2015ರಲ್ಲಿ ‘ಮಾರ್ನಿಂಗ್/ಈವ್ನಿಂಗ್’ ಅಂತ ಒಂದು ಆಲ್ಬಮ್ ಮಾಡಿದ್ದ. ಬೆಳಗಿಗೊಂದು, ಸಂಜೆಗೊಂದು, ಇಪ್ಪತ್ತಿಪ್ಪತ್ತು ನಿಮಿಷದ ಎರಡೇ ಟ್ರ್ಯಾಕ್. ಬೆಳಗಿನದರಲ್ಲಿ 1983ರ ‘ಸೌತನ್’ ಸಿನಿಮಾಕ್ಕೆ ಲತಾ ಮಂಗೇಶ್ಕರ್ ಹಾಡಿದ ದನಿ ಇದೆ. ನಮ್ಮ ಹಳೇ ಹಾಡುಗಳನ್ನು ತಗೊಂಡು ಮೇಲೆ ಟಪ್ ಟಪ್ ಬೀಟ್ ಅಂಟಿಸಿ ರೀಮಿಕ್ಸ್ ಅಂತ ಮಾರೋದನ್ನು ನಾವು ಸಾಕಷ್ಟು ಕೇಳಿದ್ದೇವೆ. ಇಲ್ಲಿ ಹಾಗಿಲ್ಲ. ದನಿ ತನ್ನ ಪಾಡಿಗೆ ತಾನು ಹರಿಯುತ್ತದೆ, ಬೀಟ್ ಅದಕ್ಕೆ ದಾರಿ ಬಿಟ್ಟುಕೊಡುತ್ತದೆ.

ಸ್ಟುಡಿಯೋ ಅಂದ ಕೂಡಲೇ ನಿನ್ನ ಕಣ್ಣಿಗೆ ನೂರಾರು ಗುಂಡಿಗಳ ದೊಡ್ಡ ಮೇಜು ಬರಬಹುದು. 2017ರ ‘ನ್ಯೂ ಎನರ್ಜಿ’ ಆಲ್ಬಮ್ ಬಂದಾಗ ತಾನು ಕೆಲಸ ಮಾಡಿದ ಜಾಗದ ಫೋಟೋವನ್ನು ಇವನೇ ಹಂಚಿಕೊಂಡಿದ್ದ. ಒಂದು ಮೇಜು, ಲ್ಯಾಪ್‌ಟಾಪ್, ಪುಟ್ಟ ಸ್ಪೀಕರುಗಳು. ಸಾಮಾನು ಕೊಳ್ಳೋದರಲ್ಲೇ ಸಂಬಳ ಕಳೆಯುವ ನಮ್ಮ ಕೆಲವು ಗೆಳೆಯರಿಗೆ ಅದನ್ನು ಕಳಿಸಬೇಕು.

ಹೀಗಂತ ಪಾಪದವನು ಅಂದುಕೊಳ್ಳಬೇಡ. ಮೊದಮೊದಲ ಆಲ್ಬಮ್‌ಗಳನ್ನು ಹೊರತಂದಿದ್ದ ಡೊಮಿನೊ ಲೇಬಲ್ ಮೇಲೆ ಕೋರ್ಟಿಗೆ ಹೋದ. ಸ್ಟ್ರೀಮಿಂಗ್ ಹಣದಲ್ಲಿ ಅವರು ಕೊಡುತ್ತಿದ್ದದ್ದು ಶೇ. 18, ಇವನು ಕೇಳಿದ್ದು ಶೇ. 50. ಕೇಸ್ ನಡೆಯುತ್ತಿರುವಾಗಲೇ, 2021ರ ನವೆಂಬರಿನಲ್ಲಿ, ಅವರು ಇವನ ಮೂರು ಆಲ್ಬಮ್‌ಗಳನ್ನು ಸ್ಟ್ರೀಮಿಂಗ್‌ನಿಂದ ತೆಗೆದೇಬಿಟ್ಟರು. ಇವನು ಜಗ್ಗಲಿಲ್ಲ. 2022ರ ಜೂನ್‌ನಲ್ಲಿ ಶೇ. 50ಕ್ಕೆ ಒಪ್ಪಂದವಾಯಿತು, ಹಳೇ ಬಾಕಿ ಅಂತ ಸುಮಾರು 57 ಸಾವಿರ ಪೌಂಡ್ ಬಂತು. ‘ತ್ರೀ’ ತನ್ನ ಸ್ವಂತ ಲೇಬಲ್‌ನಲ್ಲೇ ಬಂದಿದೆ ಅನ್ನೋದನ್ನು ಇದರ ಜೊತೆ ಇಟ್ಟು ನೋಡು.

ಫೋನಿನ ಸ್ಪೀಕರಿನಲ್ಲಿ ಮಾತ್ರ ದಯವಿಟ್ಟು ಕೇಳಬೇಡ, ಕಿಕ್ ಡ್ರಮ್ ಅರ್ಧ ಹೋಗಿಬಿಡುತ್ತೆ. ಹೆಡ್‌ಫೋನ್ ಹಾಕಿಕೋ, ರಾತ್ರಿ ಬಸ್ಸಿನಲ್ಲಾದರೂ ಸರಿ. ಆತುರ ಇದ್ದರೆ ‘ಡೇಡ್ರೀಮ್ ರಿಪೀಟ್’ ಒಂದನ್ನು ಕೇಳು. ಅದೂ ಹಿಡಿಸದಿದ್ದರೆ ಹಾಗೇ ಬರಿ. ಸುಮ್ನೆ ಚೆನ್ನಾಗಿದೆ ಅನ್ನಬೇಡ.

ನಿನ್ನ,
ಹಳೇ ರೂಮ್‌ಮೇಟ್