ಮೊದಲು ಅಕ್ಕಿ ಕೊಡಿ, ವಿಚಾರಣೆ ಆಮೇಲೆ

ಸಂಪಾದಕರೇ,

ಹೊಸ ಪಡಿತರ ಚೀಟಿಗೆ ಅರ್ಜಿ ಹಾಕಿದ ಮೇಲೆ ಪರಿಶೀಲನೆ ಆಗಬೇಕು, ಸರಿ. ಪೇಟೆಯಲ್ಲಿ ಅದು ಅಂಥ ದೊಡ್ಡ ಕೆಲಸವಲ್ಲ. ಆದರೆ ನಮ್ಮ ಮಲೆನಾಡಿನ ಒಂಟಿಮನೆಗಳಿಗೆ ಮಳೆಗಾಲದಲ್ಲಿ ಕಾಲುಸಂಕ ದಾಟಿ ಯಾವ ಸಾಹೇಬರು ಬರುತ್ತಾರೆ?

ನಮ್ಮ ನೆರೆಮನೆಯ ಅಜ್ಜಿಯನ್ನು ವಿಚಾರಣೆಗೆಂದು ಕಚೇರಿಗೇ ಕರೆದರು. ಊರಿಗೆ ದಿನಕ್ಕೆ ಒಂದೇ ಬಸ್ಸು. ಹೋದ ದಿನ ಸರ್ವರ್ ಇಲ್ಲ. ಮುಂದಿನ ವಾರ ಹೋದರೆ ಅಧಿಕಾರಿ ಮೀಟಿಂಗಿನಲ್ಲಿ. ಕರೆದುಕೊಂಡು ಹೋದ ಮಗನ ಎರಡು ದಿನದ ಕೂಲಿ ಸುಮ್ನೆ ಹೋಯಿತು. ಫೋನಿನಲ್ಲೇ ವಿಚಾರಿಸಬಹುದಲ್ವಾ ಎಂದರೆ, ಸಿಗ್ನಲ್ಲಿಗೆ ಗುಡ್ಡ ಹತ್ತಬೇಕು!

2013ರ ಆಹಾರ ಭದ್ರತಾ ಕಾಯ್ದೆ ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೆ ತಿಂಗಳಿಗೆ 5 ಕೆಜಿ, ಅಂತ್ಯೋದಯ ಕುಟುಂಬಕ್ಕೆ 35 ಕೆಜಿ ಧಾನ್ಯವನ್ನು ಹಕ್ಕಾಗಿಯೇ ಕೊಟ್ಟಿದೆ. ಚೀಟಿ ಕೈಗೆ ಬರದಿದ್ದರೆ ಆ ಹಕ್ಕು ಬರೀ ಕಾಗದದ ಮೇಲೆ. ಬಡವರಿಗೆ ಆಹಾರದ ನೆರವು ಕೊಡುವ ಅಮೆರಿಕದ ಸ್ನ್ಯಾಪ್ ಯೋಜನೆಯಲ್ಲಿ ತೀರಾ ಕಷ್ಟದಲ್ಲಿರುವವರಿಗೆ 7 ದಿನದೊಳಗೆ ನೆರವು ಕೊಡಬೇಕು. ಅಂಥವರ ಗುರುತು ಖಚಿತವಾದರೆ ಉಳಿದ ದಾಖಲೆಗಳ ಪರಿಶೀಲನೆಯನ್ನು ಮುಂದಕ್ಕೆ ಹಾಕಲು ಅಲ್ಲಿ ಅವಕಾಶವಿದೆ.

ಇಲ್ಲಿಯೂ ಆಧಾರ್ ನೋಡಿ ಮೂರು ತಿಂಗಳಿಗೆ ತಾತ್ಕಾಲಿಕ ಚೀಟಿ ಕೊಡಲಿ. ಮಳೆ ನಿಂತ ಮೇಲೆ ನಿಧಾನವಾಗಿ ಬಂದು ನೋಡಲಿ. ಒಂದಿಬ್ಬರು ಅನರ್ಹರು ನುಸುಳಬಹುದು, ಇಲ್ಲ ಎನ್ನುವುದಿಲ್ಲ. ಆದರೆ ಕಾರು ಇಟ್ಟುಕೊಂಡು ಬಿಪಿಎಲ್ ಅಕ್ಕಿ ತಿನ್ನುವವರನ್ನು ಹುಡುಕಲು ಈ ಕಡೆ ಬರುವುದು ಬೇಡ. ಅಜ್ಜಿಯ ಮನೆಗೆ ಕಾರು ಹೋಗುವ ರಸ್ತೆಯೇ ಇಲ್ಲ.

— ಮಲೆನಾಡಿನ ಓದುಗ