ಮೊದಲ ಕಾರು ಹಳೆಯದಾದರೇನಂತೆ?

ಬ್ರಿಟನ್ನಿನಲ್ಲಿ ಕಾರಿನ ವಯಸ್ಸನ್ನು ಮುಚ್ಚಿಡಲು ಆಗುವುದಿಲ್ಲ. ವರ್ಷಕ್ಕೆ ಎರಡು ಸಲ, ಮಾರ್ಚ್ 1ಕ್ಕೆ ಮತ್ತು ಸೆಪ್ಟೆಂಬರ್ 1ಕ್ಕೆ, ಹೊಸ ಗಾಡಿಗಳ ನಂಬರ್ ಪ್ಲೇಟಿನ ಅಂಕಿ ಬದಲಾಗುತ್ತದೆ. 2024ರ ಮಾರ್ಚ್‌ನಿಂದ ಬಂದ ಗಾಡಿಗೆ 24, ಅದೇ ವರ್ಷದ ಸೆಪ್ಟೆಂಬರ್‌ನಿಂದ ಬಂದದ್ದಕ್ಕೆ 74. ಹಬ್ಬದ ದಿನ ಹಾಲ್‌ನ ಪಾರ್ಕಿಂಗಿನಲ್ಲಿ ಒಂದು ಸುತ್ತು ಹಾಕಿದರೆ ಯಾರ ಗಾಡಿ ಯಾವ ವರ್ಷದ್ದು ಅಂತ ಮಕ್ಕಳೂ ಹೇಳಿಬಿಡುತ್ತಾರೆ.

ಈ ಅಂಕಿಯ ಮೋಹ ನಮ್ಮ ಹೊಸಬರಿಗೆ ದುಬಾರಿಯಾಗಿ ಬೀಳುತ್ತಿದೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರು ಬಿಟ್ಟು ಬಂದು ಆರು ತಿಂಗಳೂ ಆಗಿರುವುದಿಲ್ಲ. ಬಾಡಿಗೆ, ಕೌನ್ಸಿಲ್ ಟ್ಯಾಕ್ಸ್ (ಸ್ಥಳೀಯ ಆಡಳಿತದ ಮನೆ ತೆರಿಗೆ), ಮಗುವಿನ ನರ್ಸರಿ ಖರ್ಚು ಎಲ್ಲ ಒಟ್ಟಿಗೆ ಬಂದಿರುತ್ತದೆ. ಅಂಥ ಹೊತ್ತಿನಲ್ಲಿ "ಎಲ್ಲರ ಹತ್ತಿರ ಹೊಸ ಕಾರಿದೆ" ಅಂತ ನಾಲ್ಕು ವರ್ಷದ ಪಿಸಿಪಿ ಅನ್ನುವ ಕಂತಿನ ಒಪ್ಪಂದಕ್ಕೆ ಸಹಿ ಹಾಕಿದವರ ಕಷ್ಟ ಕೇಳಿ ನನಗೆ ಬೇಜಾರಾಗಿದೆ. ಅದಕ್ಕೇ ಈ ಸಲದ ಸಂಪಾದಕೀಯ ಪೂರ್ತಿ ಕಾರಿಗೆ.

ಪಿಸಿಪಿ ಅಂದರೆ ಇಷ್ಟೇ. ಮೊದಲು ಒಂದಷ್ಟು ಡೆಪಾಸಿಟ್, ಆಮೇಲೆ ತಿಂಗಳ ಕಂತು, ಕೊನೆಗೆ ಒಂದು ದೊಡ್ಡ ಮೊತ್ತ. ಆ ಕೊನೆಯ ಮೊತ್ತ ಕಟ್ಟುವವರೆಗೆ ಗಾಡಿ ಫೈನಾನ್ಸ್ ಕಂಪನಿಯದು. ವರ್ಷಕ್ಕೆ ಇಷ್ಟೇ ಮೈಲಿ ಓಡಿಸಬೇಕು ಅಂತ ಮಿತಿ ಇರುತ್ತದೆ. ಗೀರು ಬಿದ್ದಿದ್ದರೆ ವಾಪಸ್ ಕೊಡುವಾಗ ಲೆಕ್ಕ ಕೇಳಬಹುದು. 1974ರ ಕನ್ಸ್ಯೂಮರ್ ಕ್ರೆಡಿಟ್ ಕಾಯ್ದೆಯ ಪ್ರಕಾರ ಒಟ್ಟು ಹಣದಲ್ಲಿ ಅರ್ಧ ಕಟ್ಟಿದ ಮೇಲೆ ಗಾಡಿ ವಾಪಸ್ ಕೊಟ್ಟು ಹೊರಬರಬಹುದು, ನಿಜ. ಆದರೆ ಆ ಒಟ್ಟಿನಲ್ಲಿ ಕೊನೆಯ ದೊಡ್ಡ ಮೊತ್ತವೂ ಸೇರುವುದರಿಂದ ಅರ್ಧ ಮುಟ್ಟುವಷ್ಟರಲ್ಲಿ ಅವಧಿಯ ಬಹುಪಾಲು ಮುಗಿದಿರುತ್ತದೆ. ಕೆಲಸ, ವೀಸಾ, ಊರು ಇವುಗಳಲ್ಲಿ ಯಾವುದು ಯಾವಾಗ ಬದಲಾಗುತ್ತದೋ ಗೊತ್ತಿಲ್ಲದವರಿಗೆ ಇದು ಸರಿಯಾದ ದಾರಿ ಅಲ್ಲ. ಕೆಲಸ ಗಟ್ಟಿಯಾದವರು, ಲೆಕ್ಕ ಹಾಕಿ ತೆಗೆದುಕೊಂಡವರು ಬೇಕಾದಷ್ಟು ಜನ ಇದ್ದಾರೆ, ಅವರ ಬಗ್ಗೆ ನನ್ನ ಮಾತಿಲ್ಲ. ಹೊಸಬರಿಗೆ ಮಾತ್ರ ನಾನು ಹೇಳುವುದು: ಕೈಯಲ್ಲಿರುವ ದುಡ್ಡಿಗೆ ಸಿಗುವ, ದಾಖಲೆ ಚೆನ್ನಾಗಿರುವ ಹಳೆಯ ಪೆಟ್ರೋಲ್ ಕಾರು ತೆಗೆದುಕೊಳ್ಳಿ.

ಹಳೆಯ ಕಾರು ಅಂದ ಕೂಡಲೇ ಭಯ ಸಹಜ. ನಮ್ಮ ಊರಿನಲ್ಲಿ ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವಾಗ ಗುರುತಿನ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋಗುತ್ತೇವೆ. ಅವರು ಬಾನೆಟ್ ಎತ್ತಿ ನೋಡಿ "ತೊಗೊಳ್ಳಿ ಸಾರ್" ಅಂದರೆ ಮುಗಿಯಿತು. ಇಲ್ಲಿ ಅಂಥ ಗುರುತಿನವರು ಇಲ್ಲದಿರಬಹುದು. ಆದರೆ ಊರಿನಲ್ಲಿ ಇಲ್ಲದ ಒಂದು ಅನುಕೂಲ ಇಲ್ಲಿದೆ. ಅದು ಎಂಒಟಿ, ಅಂದರೆ ಗಾಡಿ ರಸ್ತೆಗೆ ಯೋಗ್ಯವೇ ಅಂತ ನೋಡುವ ಕಡ್ಡಾಯ ಪರೀಕ್ಷೆಯ ದಾಖಲೆ.

ಎಂಒಟಿ ಪರೀಕ್ಷೆ ಶುರುವಾದದ್ದು 1960ರಲ್ಲಿ, ಆಗ ಹತ್ತು ವರ್ಷ ದಾಟಿದ ಗಾಡಿಗಳಿಗೆ ಮಾತ್ರ. 1967ರಲ್ಲಿ ಅದನ್ನು ಮೂರು ವರ್ಷಕ್ಕೆ ಇಳಿಸಿದರು. ಉತ್ತರ ಐರ್ಲೆಂಡ್‌ನಲ್ಲಿ ಮಾತ್ರ ನಾಲ್ಕು ವರ್ಷ. ಆಮೇಲೆ ಪ್ರತಿ ವರ್ಷ ಮಾಡಿಸಬೇಕು. ಊರಿನಲ್ಲಿ ಎಫ್‌ಸಿ ಅಂದರೆ ಟ್ಯಾಕ್ಸಿ, ಲಾರಿ, ಬಸ್ಸಿನ ತಲೆನೋವು ಅಂದುಕೊಂಡು ಬೆಳೆದವರಿಗೆ ಸ್ವಂತ ಕಾರಿಗೂ ವರ್ಷ ವರ್ಷ ಪರೀಕ್ಷೆ ಅನ್ನುವುದು ಹೊಸದು. ಸರ್ಕಾರದ ವೆಬ್‌ಸೈಟಿನಲ್ಲಿ ಯಾವ ಗಾಡಿಯ ನಂಬರ್ ಹಾಕಿದರೂ 2005ರಿಂದ ಈಚಿನ ಎಂಒಟಿ ಫಲಿತಾಂಶ ಪುಕ್ಕಟೆಯಾಗಿ ಸಿಗುತ್ತದೆ. ಯಾವ ದಿನ ಪಾಸಾಯಿತು, ಯಾವ ಸಲ ಫೇಲಾಯಿತು, ಯಾಕೆ, ಆಗ ಎಷ್ಟು ಮೈಲಿ ಓಡಿತ್ತು, ಎಲ್ಲ ಇರುತ್ತದೆ. ಮಾರುವವರ ಮನೆ ಬಾಗಿಲಿಗೆ ಹೋಗುವ ಮೊದಲೇ, ಜಾಹೀರಾತಿನ ಫೋಟೋದಲ್ಲಿ ನಂಬರ್ ನೋಡಿಕೊಂಡು, ನಿಮ್ಮ ಮನೆಯಲ್ಲೇ ಕೂತು ಓದಬಹುದು.

ಓದುವುದು ಹೇಗೆ ಅನ್ನುವುದೇ ಮುಖ್ಯ. ಒಂದು ಸಲ ಫೇಲಾಗಿದೆ ಅಂತ ಗಾಡಿ ಬಿಡಬೇಕಾಗಿಲ್ಲ. ಬಲ್ಬು ಹೋಗಿದ್ದರೂ, ವೈಪರ್ ಸರಿಯಿಲ್ಲದಿದ್ದರೂ ಫೇಲಾಗುತ್ತದೆ. ನೋಡಬೇಕಾದದ್ದು 'ಅಡ್ವೈಸರಿ' ಅನ್ನುವ ಸಾಲುಗಳನ್ನು. ಪಾಸಾದರೂ "ಇದರ ಮೇಲೆ ಕಣ್ಣಿಡಿ" ಅಂತ ಪರೀಕ್ಷಕರು ಬರೆದಿಡುವ ಮಾತುಗಳು ಅವು. ಒಂದು ವರ್ಷ "ಮುಂದಿನ ಟೈರ್ ಸವೆದಿದೆ" ಅಂತಿದ್ದು, ಮರುವರ್ಷ ಆ ಸಾಲು ಮಾಯವಾಗಿದ್ದರೆ ಮಾಲೀಕರು ಗಾಡಿಯನ್ನು ನೋಡಿಕೊಂಡಿದ್ದಾರೆ ಅಂತ ಅರ್ಥ. ಅದೇ ಸಾಲು ಮೂರು ವರ್ಷ ಹಾಗೇ ಮುಂದುವರಿದಿದ್ದರೆ ಯಾರೂ ಕೇಳುವವರಿರಲಿಲ್ಲ ಅಂತ. ಮೈಲಿಯ ಅಂಕಿ ಒಂದು ವರ್ಷದಿಂದ ಇನ್ನೊಂದಕ್ಕೆ ಹಿಂದಕ್ಕೆ ಹೋಗಿದ್ದರೆ ಬಹಳ ಎಚ್ಚರ.

ಟೈರ್, ಬ್ರೇಕ್ ಪ್ಯಾಡ್, ಬಲ್ಬು ಇವು ಸವೆದು ಬದಲಾಗುವ ವಸ್ತುಗಳು, ಹೆದರಬೇಡಿ. ತುಕ್ಕಿಗೆ ಹೆದರಿ. ಇಲ್ಲಿ ಚಳಿಗಾಲದಲ್ಲಿ ಹಿಮ ಕಟ್ಟದಿರಲಿ ಅಂತ ರಸ್ತೆಗೆ ಉಪ್ಪು ಹಾಕುತ್ತಾರೆ. ಅದು ಗಾಡಿಯ ಹೊಟ್ಟೆಗೆ ಹತ್ತಿ ಕಬ್ಬಿಣವನ್ನು ತಿನ್ನುತ್ತದೆ. ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬ್ರೇಕ್ ಪೈಪ್, ಸಬ್‌ಫ್ರೇಮ್ (ಎಂಜಿನ್, ಚಕ್ರಗಳನ್ನು ಹೊರುವ ಚೌಕಟ್ಟು), ಸಿಲ್ (ಬಾಗಿಲ ಕೆಳಗಿನ ಅಂಚು) ಈ ಮೂರರ ಹೆಸರಿನ ಜೊತೆ ತುಕ್ಕಿನ ಮಾತು ಮತ್ತೆ ಮತ್ತೆ ಬಂದಿದ್ದರೆ ಬೇರೆ ಗಾಡಿ ನೋಡುವುದೇ ಒಳ್ಳೆಯದು.

ಎಂಒಟಿ ಪಾಸಾಗಿದೆ ಅಂದರೆ ಎಂಜಿನ್ ಚೆನ್ನಾಗಿದೆ ಅಂತ ಅಲ್ಲ. ಎಂಜಿನ್, ಕ್ಲಚ್, ಗೇರ್‌ಬಾಕ್ಸ್ ಯಾವ ಸ್ಥಿತಿಯಲ್ಲಿವೆ ಅಂತ ಆ ಪರೀಕ್ಷೆ ನೋಡುವುದಿಲ್ಲ. ಅದಕ್ಕೆ ಸರ್ವಿಸ್ ಬಿಲ್‌ಗಳನ್ನು ಕೇಳಿ. ಟೈಮಿಂಗ್ ಬೆಲ್ಟ್ ಇರುವ ಗಾಡಿಯಾದರೆ ಅದನ್ನು ಯಾವಾಗ ಬದಲಿಸಿದರು ಅಂತ ಕಾಗದದಲ್ಲಿ ನೋಡಿ. ಬಾಯಿ ಮಾತು ಸಾಲದು. ಆ ಬೆಲ್ಟ್ ಓಡುವಾಗ ಕಿತ್ತರೆ ಹಲವು ಎಂಜಿನ್‌ಗಳು ಅಲ್ಲಿಗೇ ಮುಗಿದಂತೆ.

ಎಂಒಟಿ ಎಲ್ಲಿ ಮಾಡಿಸಬೇಕು ಅನ್ನುವುದರ ಬಗ್ಗೆ ಇಲ್ಲಿನವರಲ್ಲೇ ವಾದ ಇದೆ. ಕಾರಿಗೆ ಗರಿಷ್ಠ ಶುಲ್ಕ 54.85 ಪೌಂಡ್, ಎಷ್ಟೋ ಗ್ಯಾರೇಜ್‌ಗಳು ಅದಕ್ಕಿಂತ ಕಡಿಮೆಗೇ ಮಾಡುತ್ತವೆ. ಪರೀಕ್ಷೆ ಮಾಡುವವರೇ ರಿಪೇರಿಯನ್ನೂ ಮಾಡಿದರೆ ಇಲ್ಲದ ಕೆಲಸ ಹುಡುಕಬಹುದು ಅನ್ನುವ ಅನುಮಾನ ಹಲವರಿಗೆ. ಅಂಥವರು ಕೌನ್ಸಿಲ್‌ನ ಸ್ವಂತ ಎಂಒಟಿ ಕೇಂದ್ರಕ್ಕೆ ಹೋಗುತ್ತಾರೆ. ಕೌನ್ಸಿಲ್ ಗಾಡಿಗಳಿಗಾಗಿ ಇರುವ ಜಾಗ ಅದು, ಸಾರ್ವಜನಿಕರೂ ಹೋಗಬಹುದು, ಸಾಮಾನ್ಯವಾಗಿ ಅಲ್ಲಿ ನಮ್ಮ ಗಾಡಿಯ ರಿಪೇರಿಗೆ ಅವರು ಕೈ ಹಾಕುವುದಿಲ್ಲ. ನಿಮ್ಮ ಊರಿನ ಕೌನ್ಸಿಲ್‌ನಲ್ಲಿ ಇದೆಯಾ ಅಂತ ವಿಚಾರಿಸಿ. ಎಂಒಟಿ ಮುಗಿಯುವ ತಿಂಗಳೊಳಗೆ ಮೊದಲೇ ಮಾಡಿಸಿದರೂ ಮುಂದಿನ ವರ್ಷದ ತಾರೀಖು ಅದೇ ಉಳಿಯುತ್ತದೆ. ಹಾಗಾಗಿ ಕೊನೆಯ ದಿನದವರೆಗೆ ಕಾಯಬೇಕಾಗಿಲ್ಲ.

ಸಾಲ ಬಾಕಿ ಇರುವ ಗಾಡಿ, ಅಪಘಾತದಲ್ಲಿ ಜಖಂ ಆಗಿ ವಿಮೆಯವರು ಕೈಬಿಟ್ಟ ಗಾಡಿ, ಇವು ಎಂಒಟಿ ದಾಖಲೆಯಲ್ಲಿ ಕಾಣುವುದಿಲ್ಲ. ಲಾಗ್‌ಬುಕ್ ಅಂತ ಕರೆಯುವ ವಿ5ಸಿ ನೋಂದಣಿ ಪತ್ರ ಕೂಡ ಮಾಲೀಕತ್ವಕ್ಕೆ ಸಾಕ್ಷಿ ಅಲ್ಲ, ಆ ಮಾತು ಅದರ ಮೇಲೇ ಅಚ್ಚಾಗಿದೆ. ಕೆಲವು ಪೌಂಡ್ ಕೊಟ್ಟು ಖಾಸಗಿ ಹಿಸ್ಟರಿ ಚೆಕ್ ಮಾಡಿಸಿ. ಅದರಲ್ಲಿ 'ಕ್ಯಾಟ್ ಎಸ್' ಅಂತಿದ್ದರೆ ಗಾಡಿಯ ಚೌಕಟ್ಟಿಗೇ ಪೆಟ್ಟು ಬಿದ್ದರೂ ರಿಪೇರಿ ಮಾಡಬಹುದಾದದ್ದು, 'ಕ್ಯಾಟ್ ಎನ್' ಅಂದರೆ ಚೌಕಟ್ಟಿಗೆ ಪೆಟ್ಟಾಗದೆ ಬೇರೆ ಕಡೆ ಜಖಂ ಆದದ್ದು. ಡೀಲರ್ ಹತ್ತಿರ ಕೊಂಡರೆ 2015ರ ಕನ್ಸ್ಯೂಮರ್ ರೈಟ್ಸ್ ಕಾಯ್ದೆಯ ರಕ್ಷಣೆ ಇದೆ. ದೋಷವಿದ್ದ ಗಾಡಿಯನ್ನು 30 ದಿನದೊಳಗೆ ವಾಪಸ್ ಕೊಟ್ಟು ಹಣ ಕೇಳಬಹುದು. ಡೀಲರ್ ಅಲ್ಲದ ಖಾಸಗಿ ಮಾಲೀಕರಿಂದ ನೇರವಾಗಿ ಕೊಂಡರೆ ಬೆಲೆ ಕಡಿಮೆ, ರಕ್ಷಣೆಯೂ ಕಡಿಮೆ. ರಸ್ತೆ ತೆರಿಗೆ ಗಾಡಿಯ ಜೊತೆ ಬರುವುದಿಲ್ಲ ಅನ್ನುವುದು ನೆನಪಿರಲಿ. ಕರ್ನಾಟಕದಲ್ಲಿ ಒಮ್ಮೆ ಲೈಫ್ ಟ್ಯಾಕ್ಸ್ ಕಟ್ಟಿ ಮರೆತುಬಿಡುತ್ತೇವೆ. ಇಲ್ಲಿ ಮಾರಿದ ಕೂಡಲೇ ಹಳೆಯ ತೆರಿಗೆ ಮುಗಿಯುತ್ತದೆ. ಲಾಗ್‌ಬುಕ್ಕಿನ ಹಸಿರು ಚೀಟಿಯ 12 ಅಂಕಿಯ ನಂಬರ್ ಹಾಕಿ, ಹೊಸದಾಗಿ ಕಟ್ಟಿ, ಆಮೇಲೆ ಗಾಡಿ ಮನೆಗೆ ತನ್ನಿ.

ಈಗ ನನಗೆ ತುಂಬಾ ಕಳವಳದ ವಿಷಯ: ಇನ್ಶೂರೆನ್ಸ್.

ಊರಿನಲ್ಲಿ ಇನ್ಶೂರೆನ್ಸ್ ಗಾಡಿಗೆ. ಲೈಸೆನ್ಸ್ ಇರುವ ತಮ್ಮನೋ ಭಾವನೋ ಕೀ ಇಸಕೊಂಡು ಹೋದರೆ ಯಾರೂ ಎರಡನೇ ಸಲ ಯೋಚಿಸುವುದಿಲ್ಲ. ಇಲ್ಲಿ ಸಾಮಾನ್ಯವಾಗಿ ಪಾಲಿಸಿಯಲ್ಲಿ ಯಾರ ಹೆಸರಿದೆಯೋ ಅವರಿಗೆ ಮಾತ್ರ. ಬೇಸಿಗೆ ರಜೆಗೆ ಬಂದ ಭಾವ "ಸುಮ್ನೆ ಅಂಗಡಿಗೆ ಹೋಗಿ ಬರ್ತೀನಿ" ಅಂದರೂ ಅವರ ಹೆಸರು ಸೇರಿಸದೆ ಕೀ ಕೊಡಬೇಡಿ. ವಿಮೆ ಇಲ್ಲದೆ ಓಡಿಸಿ ಸಿಕ್ಕಿಬಿದ್ದರೆ 300 ಪೌಂಡ್ ದಂಡ, ಲೈಸೆನ್ಸಿಗೆ 6 ಪೆನಾಲ್ಟಿ ಪಾಯಿಂಟ್. ಪೊಲೀಸರು ಗಾಡಿಯನ್ನೂ ಎತ್ತಿಕೊಂಡು ಹೋಗಬಹುದು. ಓಡಿಸಲು ಬಿಟ್ಟವರದ್ದೂ ಅಪರಾಧವೇ. ಇಲ್ಲಿ ಲೈಸೆನ್ಸ್ ಪಡೆದು ಎರಡು ವರ್ಷ ಆಗಿಲ್ಲದವರಿಗೆ 6 ಪಾಯಿಂಟ್ ಅಂದರೆ ಲೈಸೆನ್ಸೇ ಹೋಗುತ್ತದೆ, ಮತ್ತೆ ಥಿಯರಿ, ಪ್ರಾಕ್ಟಿಕಲ್ ಎರಡೂ ಪರೀಕ್ಷೆ ಪಾಸಾಗಬೇಕು. ಒಂದು ದಿನಕ್ಕೆ, ಒಂದು ವಾರಕ್ಕೆ ಅಂತ ತಾತ್ಕಾಲಿಕ ವಿಮೆ ಸಿಗುತ್ತದೆ. ಬಂದ ನೆಂಟರಿಗೆ ಅದನ್ನು ಮಾಡಿಸಿ ಕೊಡುವುದರಲ್ಲಿ ಸಂಕೋಚ ಬೇಡ.

ಇನ್ನೊಂದು, ಗಾಡಿ ಯಾವುದಕ್ಕೆ ಬಳಸುತ್ತೀರಿ ಅನ್ನುವ ಪ್ರಶ್ನೆ. 'ಸೋಶಿಯಲ್' ಅಂತ ಮಾತ್ರ ಆರಿಸಿ, ದಿನಾ ಆಫೀಸಿಗೆ ಓಡಿಸಿದರೆ ಅದು ತಪ್ಪು ಮಾಹಿತಿ. ರೈಲ್ವೆ ಸ್ಟೇಷನ್‌ವರೆಗೆ ಓಡಿಸಿ ಅಲ್ಲಿ ನಿಲ್ಲಿಸಿ ಹೋದರೂ ಹಲವು ಕಂಪನಿಗಳು ಅದನ್ನು ಕೆಲಸದ ಓಡಾಟ ಅಂತಲೇ ಎಣಿಸುತ್ತವೆ. ನಮ್ಮಲ್ಲಿ ಡಾಕ್ಟರ್, ನರ್ಸ್, ಕೇರ್ ಕೆಲಸದವರು ಬಹಳ ಮಂದಿ ಇದ್ದಾರೆ. ಒಂದಕ್ಕಿಂತ ಹೆಚ್ಚು ಆಸ್ಪತ್ರೆಗೆ, ಮನೆಮನೆಗೆ ಹೋಗುವವರಿಗೆ 'ಬಿಸಿನೆಸ್' ಬಳಕೆಯೂ ಪಾಲಿಸಿಯಲ್ಲಿ ಇರಬೇಕು. ದಯವಿಟ್ಟು ಇವತ್ತೇ ನಿಮ್ಮ ಸರ್ಟಿಫಿಕೇಟ್ ತೆಗೆದು ನೋಡಿ. ರಾಜ್ಯೋತ್ಸವಕ್ಕೆ ಬರುವಾಗ ನಾಲ್ಕು ಜನ ಪೆಟ್ರೋಲ್ ಖರ್ಚು ಹಂಚಿಕೊಂಡರೆ ಮಾತ್ರ ತೊಂದರೆಯಿಲ್ಲ, ಲಾಭ ಮಾಡುವಂತಿಲ್ಲ ಅಷ್ಟೇ.

ಮಗನಿಗೆ ಹದಿನೆಂಟಾಗಿದೆ, ಅವನ ಹೆಸರಿನಲ್ಲಿ ವಿಮೆ ಕೇಳಿದರೆ ಎದೆ ಒಡೆಯುವಷ್ಟು ಬೆಲೆ. ಹಾಗಾಗಿ ಅಪ್ಪನೇ ಮುಖ್ಯ ಚಾಲಕ ಅಂತ ತೋರಿಸಿ ಮಗ ದಿನಾ ಓಡಿಸುವುದು ಹಲವು ಮನೆಗಳಲ್ಲಿ ನಡೆಯುತ್ತಿದೆ. ಇದನ್ನು ಇಲ್ಲಿ 'ಫ್ರಂಟಿಂಗ್' ಅನ್ನುತ್ತಾರೆ, ಇದು ವಂಚನೆ. ಅಪಘಾತವಾದ ದಿನ ಕಂಪನಿ ಕೈ ಎತ್ತಿದರೆ ಆ ಹುಡುಗನ ಮುಂದಿನ ಹಲವು ವರ್ಷಗಳ ವಿಮೆಗೆ ಕಲ್ಲು ಬೀಳುತ್ತದೆ. ಸಣ್ಣ ಎಂಜಿನ್ನಿನ ಗಾಡಿ, ಹೇಗೆ ಓಡಿಸುತ್ತಾರೆ ಅಂತ ಅಳೆಯುವ ಬ್ಲ್ಯಾಕ್ ಬಾಕ್ಸ್, ಇವುಗಳಿಂದ ಬೆಲೆ ಸ್ವಲ್ಪ ಇಳಿಯಬಹುದು.

ರಿನೂವಲ್ ಪತ್ರ ಬಂದಾಗ ಸುಮ್ಮನೆ ಕಟ್ಟಬೇಡಿ. 2022ರ ಜನವರಿಯಿಂದ ಹಳೆಯ ಗ್ರಾಹಕರಿಗೆ ಹೊಸಬರಿಗಿಂತ ಜಾಸ್ತಿ ದರ ಹಾಕುವಂತಿಲ್ಲ ಅಂತ ನಿಯಮ ಬಂದಿದೆ. ಆದರೂ ಬೇರೆ ಕಂಪನಿ ಕಡಿಮೆಗೆ ಕೊಡಬಹುದು. ಮೂರು ನಾಲ್ಕು ವಾರ ಮೊದಲೇ ವಿಚಾರಿಸಿದರೆ ಸಾಮಾನ್ಯವಾಗಿ ಕಡಿಮೆ ಬೀಳುತ್ತದೆ, ಕೊನೆಯ ದಿನಕ್ಕೆ ಏರುತ್ತದೆ.

ಭಾರತದ ಲೈಸೆನ್ಸ್ ಇಲ್ಲಿ ನೆಲೆಸಿದ ಮೇಲೆ 12 ತಿಂಗಳು ಮಾತ್ರ ನಡೆಯುತ್ತದೆ. ಅದನ್ನು ಬದಲಿಸಿಕೊಳ್ಳಲು ಆಗುವುದಿಲ್ಲ, ಪ್ರಾವಿಷನಲ್ (ಕಲಿಯುವವರ ಲೈಸೆನ್ಸ್) ತೆಗೆದುಕೊಂಡು ಥಿಯರಿ, ಪ್ರಾಕ್ಟಿಕಲ್ ಎರಡೂ ಪಾಸಾಗಬೇಕು. ಟೆಸ್ಟಿಗೆ ದಿನ ಸಿಗುವುದು ತಡ, ಆದ್ದರಿಂದ ಬಂದ ತಿಂಗಳೇ ಶುರು ಮಾಡಿ. ಆಟೋಮ್ಯಾಟಿಕ್‌ನಲ್ಲಿ ಪಾಸಾದರೆ ಆಟೋಮ್ಯಾಟಿಕ್ ಮಾತ್ರ ಓಡಿಸಬಹುದು. ಹಳೆಯ, ಅಗ್ಗದ ಗಾಡಿಗಳಲ್ಲಿ ಹೆಚ್ಚಿನವು ಗೇರ್ ಇರುವಂಥವೇ. ಊರಿನಲ್ಲಿ ಗೇರ್ ಗಾಡಿ ಓಡಿಸಿದವರು ಅದರಲ್ಲೇ ಟೆಸ್ಟ್ ಕೊಡಿ.

ಡೀಸೆಲ್ ಯಾಕೆ ಬೇಡ ಅಂತ ಕೇಳಬಹುದು. ಮಕ್ಕಳನ್ನು ಶಾಲೆಗೆ ಬಿಟ್ಟು, ಅಂಗಡಿಗೆ ಹೋಗಿ, ಮನೆಗೆ ಬರುವ ಚಿಕ್ಕ ಓಡಾಟಕ್ಕೆ ಡೀಸೆಲ್ ಗಾಡಿಯ ಹೊಗೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಅದು ಶುದ್ಧವಾಗಲು ಮೋಟರ್‌ವೇಯಂಥ ರಸ್ತೆಯಲ್ಲಿ ಆಗಾಗ ಒಂದೇ ಸಮನೆ ಓಡಬೇಕು. ಜೊತೆಗೆ ಲಂಡನ್‌ನ ಯುಲೆಜ್, ಅಂದರೆ ಹೊಗೆ ಹೆಚ್ಚು ಬಿಡುವ ಗಾಡಿಗಳಿಗೆ ದಿನದ ಶುಲ್ಕ ಹಾಕುವ ವಲಯ. 2023ರ ಆಗಸ್ಟ್ 29ರಿಂದ ಅದು ಲಂಡನ್‌ನ ಎಲ್ಲ ಬರೋಗಳಿಗೂ, ಅಂದರೆ ಇಡೀ ನಗರಕ್ಕೆ, ಹಬ್ಬಿದೆ. ಹೊಗೆಯ ಮಾನದಂಡದಲ್ಲಿ ಯೂರೋ 6 ಮಟ್ಟಕ್ಕೆ ಬಾರದ ಡೀಸೆಲ್ ಕಾರಿಗೆ ದಿನಕ್ಕೆ 12.50 ಪೌಂಡ್. ಪೆಟ್ರೋಲ್‌ಗೆ ಯೂರೋ 4 ಸಾಕು, ಅಂದರೆ 2006ರಿಂದ ಈಚಿನ ಬಹುತೇಕ ಪೆಟ್ರೋಲ್ ಗಾಡಿಗಳಿಗೆ ಚಿಂತೆಯಿಲ್ಲ. ಬರ್ಮಿಂಗ್‌ಹ್ಯಾಮ್, ಬ್ರಿಸ್ಟಲ್‌ನಲ್ಲೂ ಇಂಥ ವಲಯಗಳಿವೆ.

ಎಲೆಕ್ಟ್ರಿಕ್ ಬಗ್ಗೆ ನನ್ನ ಅಭಿಪ್ರಾಯ ಸರಳ. ಮನೆ ಮುಂದೆ ಸ್ವಂತ ಜಾಗವಿದ್ದು ರಾತ್ರಿ ಚಾರ್ಜ್ ಮಾಡಲು ಆದರೆ ಒಳ್ಳೆಯದು. ಫ್ಲಾಟ್‌ನಲ್ಲಿ ಬಾಡಿಗೆಗೆ ಇದ್ದರೆ ಈಗಲೇ ಬೇಡ. ಮನೆಯ ಕರೆಂಟಿಗೆ 5 ಪರ್ಸೆಂಟ್ ವ್ಯಾಟ್, ಬೀದಿಯ ಚಾರ್ಜರ್‌ಗೆ 20. ರಸ್ತೆ ತೆರಿಗೆಯ ವಿನಾಯಿತಿಯೂ 2025ರ ಏಪ್ರಿಲ್‌ಗೆ ಮುಗಿಯಿತು.

ಹಳಬರಲ್ಲಿ ಒಂದು ವಿನಂತಿ. ನಿಮ್ಮ ಪಕ್ಕದಲ್ಲಿ ಹೊಸದಾಗಿ ಬಂದ ಕುಟುಂಬ ಕಾರು ನೋಡಲು ಹೊರಟಿದ್ದರೆ ಒಂದು ಶನಿವಾರ ಅವರ ಜೊತೆ ಹೋಗಿ. ಎಂಜಿನ್ ಬಗ್ಗೆ ಗೊತ್ತಿರಬೇಕಾಗಿಲ್ಲ. ಎಂಒಟಿ ದಾಖಲೆ ಒಟ್ಟಿಗೆ ಕೂತು ಓದಿ, ಇನ್ಶೂರೆನ್ಸ್ ಫಾರಂ ತುಂಬುವಾಗ ಪಕ್ಕದಲ್ಲಿರಿ. ಮುಂದಿನ ಸಂಚಿಕೆಯಿಂದ ಓದುಗರ ಕಾರಿನ ಪ್ರಶ್ನೆಗಳಿಗೆ ಒಂದು ಪುಟ ಮೀಸಲಿಡುತ್ತಿದ್ದೇವೆ. ನಿಮ್ಮ ಊರಿನಲ್ಲಿ ನಂಬಬಹುದಾದ ಗ್ಯಾರೇಜ್ ಇದ್ದರೆ, ಟೆಸ್ಟ್ ಪಾಸಾದ ಅನುಭವ ಇದ್ದರೆ ಬರೆದು ಕಳಿಸಿ. ಕನ್ನಡದಲ್ಲೇ ಬರೆಯಿರಿ, ಉದ್ದವಾದರೂ ಪರವಾಗಿಲ್ಲ.