ಕೇಳದೆ ಏನನ್ನೂ ಎಸೆಯಬೇಡ ಕಣೋ

ಲೋ ಗೆಳೆಯಾ,

ನೆರೆ ನುಗ್ಗಿದ ಮನೆಗಳ ಕೆಸರು ಎತ್ತೋಕೆ ಹೋಗಿರೋ ನಿನ್ನ ಫೋಟೊ ನೋಡಿದೆ. ಬೂಟು, ಮಾಸ್ಕು, ಮಂಡಿಯವರೆಗೂ ಕೆಸರು. ಗುರುತೇ ಸಿಗಲಿಲ್ಲ ಮಾರಾಯ. ಸಮುದ್ರ ಎಲ್ಲೋ, ಅಮೆರಿಕದ ಬೆಟ್ಟದೂರು ಆಶ್‌ವಿಲ್ ಎಲ್ಲೋ. 2024ರ ಸೆಪ್ಟೆಂಬರ್ 26ರ ರಾತ್ರಿ ಫ್ಲೋರಿಡಾದಲ್ಲಿ ದಡ ಹತ್ತಿದ ಹೆಲೀನ್ ಚಂಡಮಾರುತ ಮಾರನೇ ದಿನವೇ ನಿಮ್ಮ ಹೊಳೆ ಉಕ್ಕಿಸಿತಲ್ಲ! ನಮಗೂ ಹಾಗೇ ಆಗಿತ್ತು. 2021ರ ನವೆಂಬರ್‌ನಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿಯಿತು, ಚಿಕ್ಕಬಳ್ಳಾಪುರದ ಕಡೆ ಕೆರೆಗಳು ಕೋಡಿ ಹೋದವು.

ನೀನಾಗಲೂ ಅಮೆರಿಕದಲ್ಲೇ ಇದ್ದೆ, ವಾಟ್ಸಾಪ್‌ನಲ್ಲಿ ಕೋಡಿಯ ವಿಡಿಯೊ ನೋಡಿ ಖುಷಿಪಟ್ಟಿದ್ದೆ. ಖುಷಿ ಸುಳ್ಳಲ್ಲ. ಸಾವಿರ ಅಡಿ ಬೋರು ಕೊರೆಸಿ ಆಕಾಶ ನೋಡುತ್ತಾ ಕೂತ ಜನ ನಾವು. ಮೇಲಿನ ಬೀದಿಯವರು ತಮಟೆ ಹೊಡೆಸಿ ಬಾಗಿನ ಬಿಡುತ್ತಿದ್ದರು. ಅದೇ ಹೊತ್ತಿಗೆ ತಗ್ಗಿನ ಮನೆಗಳವರು ಬಕೆಟ್ಟಿನಲ್ಲಿ ನೀರು ತೋಡಿ ಹೊರಗೆ ಚೆಲ್ಲುತ್ತಿದ್ದರು. ರಾಜಕಾಲುವೆ ಮೇಲೆ ಶೆಡ್ಡು, ಸೈಟು ಎದ್ದಿದ್ದರೆ ನೀರು ತಾನೇ ಎಲ್ಲಿಗೆ ಹೋಗಬೇಕು?

ನಾವು ಆರು ಜನ ಸಲಿಕೆ, ಬಾಂಡ್ಲಿ ಹಿಡಿದು ಶಿಡ್ಲಘಟ್ಟದ ಕಡೆಯ ಒಂದು ಊರಿಗೆ ಹೋದೆವು. ರೇಷ್ಮೆ ಹುಳ ಸಾಕುವ ಒಬ್ಬ ಅಜ್ಜಿಯ ಮನೆ. ಹಣ್ಣಾದ ಹುಳವನ್ನು ಚಂದ್ರಿಕೆಗೆ, ಅಂದರೆ ಅವು ಗೂಡು ಕಟ್ಟೋ ತಟ್ಟೆಗೆ, ಬಿಟ್ಟ ಮಾರನೇ ದಿನವೇ ನೀರು ನುಗ್ಗಿತ್ತಂತೆ. ಅರ್ಧ ಕಟ್ಟಿದ ಗೂಡುಗಳಲ್ಲೇ ಹುಳ ಸತ್ತಿದ್ದವು. ಆ ವಾಸನೆ ಬೇಡವೇ ಬೇಡ. ಮೂಲೆಯ ರಾಗಿ ಮೂಟೆ ನೆನೆದು ಮೊಳಕೆ ಒಡೆದಿತ್ತು. ಕೈ ತೂರಿಸಿದರೆ ಒಳಗೆ ಬೆಚ್ಚಗೆ, ಜ್ವರ ಬಂದ ಮೈಯಂತೆ.

ಜೋಶಿನಲ್ಲಿ ಕೈಗೆ ಸಿಕ್ಕಿದ್ದೆಲ್ಲ ಬೀದಿಗೆ ಎಸೆದೆವು. ಅಜ್ಜಿ ಏನೂ ಅನ್ನಲಿಲ್ಲ. ಸುಮ್ನೆ ಹೊರಗೆ ಬಂದು, ನಾನು ಎಸೆದ ಗುಡ್ಡೆಯಿಂದ ತಗಡಿನ ಟ್ರಂಕೊಂದನ್ನು ಎಳೆದು ಸೆರಗಿನಲ್ಲಿ ಒರೆಸಿದರು. ಒಳಗೆ ಪಹಣಿ, ರೇಷನ್ ಕಾರ್ಡು, ಗಂಡನ ಕಾಲದ ಕ್ರಯಪತ್ರ. ಆ ಮಧ್ಯಾಹ್ನವೆಲ್ಲ ನನಗೆ ಅದೇ ಕೆಲಸ. ಒಂದೊಂದೇ ಹಾಳೆ ಬಿಡಿಸಿ, ಬಟ್ಟೆ ಹಗ್ಗಕ್ಕೆ ಕ್ಲಿಪ್ಪು ಹಾಕಿ ನೇತುಹಾಕಿದೆ. ಅವತ್ತಿನಿಂದ ಮನೆಯವರನ್ನು ಕೇಳದೆ ಒಂದು ಮುರುಕು ಸೌಟನ್ನೂ ಎಸೆದಿಲ್ಲ.

ಕೆಸರು ಎತ್ತೋದು ಎರಡು ದಿನದ ಕೆಲಸ. ಒಣಗಿಸೋದೇ ಜಾಸ್ತಿ. ನೆನೆದಾಗ ನಿಂತಿದ್ದ ಅಜ್ಜಿಯ ಮಣ್ಣಿನ ಗೋಡೆ ಬಿಸಿಲು ಬಂದ ನಾಲ್ಕನೇ ದಿನ ಕುಸಿಯಿತು. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ. ನಿಮ್ಮಲ್ಲಿ ಗೋಡೆಗೆ ಹೊಡೆಯೋ ಜಿಪ್ಸಂ ಹಲಗೆಯ ಕಥೆ ಬೇರೆ. ಅದು ನೀರು ಹೀರಿಕೊಂಡು ಒಂದೆರಡು ದಿನಕ್ಕೇ ಬೂಷ್ಟು ಹಿಡಿಯುತ್ತೆ. ನೀರಿನ ಗುರುತಿಗಿಂತ ಮೇಲಿನವರೆಗೂ ಕೊಯ್ದು ತೆಗೆಯಿರಿ. ಒಳಗಿನ ಮರ ಪೂರ್ತಿ ಒಣಗದೆ ಹೊಸ ಹಲಗೆ ಹೊಡೆಯಬೇಡಿ. ಇನ್ನೊಂದು, ಬ್ಲೀಚಿಂಗ್ ಜೊತೆ ಆಸಿಡ್ ಸೇರಿಸಬೇಡಿ. ನಮ್ಮಲ್ಲೊಬ್ಬ ಬುದ್ಧಿವಂತ ಸೇರಿಸಿ, ಕೆಮ್ಮುತ್ತಾ ಬೀದಿಗೆ ಓಡಿಬಂದ.

ಕೆಸರಿನಲ್ಲಿ ಯಾರದೋ ಮದುವೆ ಆಲ್ಬಂ ಸಿಕ್ಕಿತು ಅಂದಿದ್ದೆಯಲ್ಲ, ಏನು ಮಾಡಿದೆ? ಅಂಟಿದ ಫೋಟೊ ಒಣಗಿದ ಮೇಲೆ ಕೀಳಬೇಡ, ಹರಿದುಹೋಗುತ್ತೆ. ತಣ್ಣನೆಯ ಶುದ್ಧ ನೀರಿನಲ್ಲಿಟ್ಟು ಮೆಲ್ಲಗೆ ಬಿಡಿಸು. ಮುಖ ಮೇಲೆ ಮಾಡಿ ನೆರಳಲ್ಲಿ ಹರವು. ನಲ್ಲಿ ನೀರು ಇನ್ನೂ ಸರಿಯಾಗಿಲ್ಲ ಅಂದೆ, ಕುಡಿಯೋ ಬಾಟಲಿ ನೀರನ್ನೇ ಸ್ವಲ್ಪ ಖರ್ಚು ಮಾಡು, ಪರವಾಗಿಲ್ಲ.

ನಿಮ್ಮಮ್ಮನಿಗೆ ಆ ಫೋಟೊ ತೋರಿಸಿಲ್ಲ. ನೀನೇ ಫೋನ್ ಮಾಡು.

ನಿನ್ನವನು